ಡೌಲಾ ಬರಲಿ, ಆದರೆ ತಾಯಿಯೇ ಮಾತಾಡಲಿ

ಮಾನ್ಯ ಸಂಪಾದಕರೇ,

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಈಗೀಗ ಕೆಲವರು ಹೆರಿಗೆಗೆ ಬರುವಾಗ ಜೊತೆಗೊಬ್ಬ ಡೌಲಾರನ್ನೂ ಕರೆತರುತ್ತಾರೆ. ಇವರು ಹೆರಿಗೆ ಮಾಡಿಸುವವರಲ್ಲ. ನೋವು ಶುರುವಾದಾಗಿನಿಂದ ಪಕ್ಕದಲ್ಲೇ ಇದ್ದು ಧೈರ್ಯ ಹೇಳುತ್ತಾರೆ, ಸೊಂಟ ಒತ್ತುತ್ತಾರೆ, ಮಗ್ಗುಲು ಬದಲಿಸಲು ನೆರವಾಗುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಕೆಲವರಿಗೆ ಇವರನ್ನು ಕಂಡರೆ ಆಗುವುದಿಲ್ಲ. ನನಗೆ ಆಗುತ್ತದೆ. ಎಲ್ಲರೂ ಅಂತಲ್ಲ.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 26 ಅಧ್ಯಯನಗಳನ್ನು, 15 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಯಾರಾದರೂ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗಬಹುದು, ನೋವಿನ ಅವಧಿಯೂ ಸ್ವಲ್ಪ ತಗ್ಗಬಹುದು ಎಂದು ಅದು ಹೇಳುತ್ತದೆ. ತಾಯಿ ತಾನೇ ಆರಿಸಿಕೊಂಡ ಜೊತೆಗಾರರು ಹೆರಿಗೆಯ ಹೊತ್ತಿನಲ್ಲಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿದೆ. ಬೇಕೋ ಬೇಡವೋ ಎಂಬ ಜಗಳ ಇನ್ನು ಸಾಕು. ಒಂದೇ ಕೋಣೆಯಲ್ಲಿ ಹೇಗೆ ಹೊಂದಿಕೊಂಡು ಕೆಲಸ ಮಾಡುವುದು, ಅದನ್ನು ಮಾತಾಡೋಣ.

ನಾನು ನೋಡಿದ ಹಾಗೆ, ತೊಂದರೆ ಶುರುವಾಗುವುದು ಡೌಲಾ ತಾಯಿಯ ಪರವಾಗಿ ಉತ್ತರ ಕೊಡಲು ಹೊರಟಾಗ. "ಇವರಿಗೆ ಡ್ರಿಪ್ ಬೇಡ" ಎಂದು ಡೌಲಾ ಹೇಳಿದ ಕೂಡಲೇ ಡಾಕ್ಟರ ಕಣ್ಣು ಅವರ ಕಡೆ ತಿರುಗುತ್ತದೆ. ಮುಂದಿನ ಮಾತೆಲ್ಲ ಅವರಿಬ್ಬರದೇ. ನೋವು ತಿನ್ನುತ್ತಿರುವವಳನ್ನು ಕೇಳುವವರೇ ಇಲ್ಲ. ನಮ್ಮಲ್ಲಿಗೆ ಆಗಾಗ ಬರುವ ಒಬ್ಬ ಡೌಲಾ ಹೀಗೆ ಮಾಡುವುದಿಲ್ಲ. ನೀರು ಒಡೆಯಬೇಕು ಎಂದು ಡಾಕ್ಟರ್ ಹೇಳಿದರೆ ಇವರು ತಾಯಿಯ ಕಿವಿಯ ಹತ್ತಿರ ಬಗ್ಗಿ, "ಡಾಕ್ಟರ್ ಹೇಳಿದ್ದು ಕೇಳಿಸ್ತಾ? ನೀವೇನಾದ್ರೂ ಕೇಳ್ಬೇಕಾ?" ಅನ್ನುತ್ತಾರೆ. ಅಷ್ಟೇ. ಆಗ ತಾಯಿಯೇ, "ಈಗಲೇ ಮಾಡ್ಬೇಕಾ, ಸ್ವಲ್ಪ ಕಾಯಬಹುದಾ?" ಎಂದು ಕೇಳುತ್ತಾಳೆ. ಮಗುವಿನ ಎದೆಬಡಿತ ಸರಿಯಿದ್ದರೆ ಎಷ್ಟೋ ಸಲ ಕಾಯಬಹುದು ಎಂಬ ಉತ್ತರವೇ ಬರುತ್ತದೆ. ಯಾರ ದನಿಯೂ ಏರುವುದಿಲ್ಲ.

ನೋವು ಜೋರಾದ ಮೇಲೆ ನಾವು 15ರಿಂದ 30 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ. ನಾವು ಬಂದಾಗ ತಾಯಿ ಮಂಡಿಯೂರಿದ್ದರೂ ಹೊಟ್ಟೆ ನಮ್ಮ ಕೈಗೆ ಸಿಗುವ ಹಾಗೆ ಕೂರಿಸಿಕೊಡುವ ಡೌಲಾ ಇದ್ದರೆ ಅರ್ಧ ಕೆಲಸ ಆದ ಹಾಗೆ. ಮಾನಿಟರಿನ ಬೆಲ್ಟ್ ಜಾರಿದರೆ ಕರೆಯಲಿ, ತಾವೇ ಸರಿ ಮಾಡುವುದು ಬೇಡ. ಪರದೆಯ ಮೇಲಿನ ಅಂಕಿಗೆ ಅರ್ಥ ಹೇಳುವುದಂತೂ ಬೇಡವೇ ಬೇಡ.

ಮಗುವಿನ ಭುಜ ಸಿಕ್ಕಿಕೊಳ್ಳುವಂಥ ತುರ್ತಿನಲ್ಲಿ ಕೋಣೆ ಒಮ್ಮೆಲೇ ತುಂಬುತ್ತದೆ. ಆಗ ಡೌಲಾ ತಲೆದಿಂಬಿನ ಕಡೆ ಸರಿಯಬೇಕು. ಏನಾಗುತ್ತಿದೆ ಎಂದು ನಾವು ಹೇಳಿದ್ದನ್ನು ತಾಯಿಗೆ ಒಂದೇ ವಾಕ್ಯದಲ್ಲಿ ದಾಟಿಸಬೇಕು. ಕಾಲು ಹಿಡಿಯಿರಿ ಎಂದರೆ ಹಿಡಿಯಬೇಕು. ಪ್ರಶ್ನೆಗಳನ್ನು ಆಮೇಲೆ ಕೇಳಲಿ, ಖಂಡಿತ ಕೇಳಲಿ.

ಇನ್ನು ನಮ್ಮ ಕಡೆಯ ಮಾತು. ಶಿಫ್ಟ್ ಬದಲಾದಾಗ ಹೊಸ ಸಿಸ್ಟರ್ ಡೌಲಾರ ಹೆಸರನ್ನೂ ಕೇಳದೆ "ಸ್ವಲ್ಪ ಹೊರಗಿರಿ" ಅನ್ನುವುದುಂಟು. ರಾತ್ರಿಯಿಡೀ ಆ ಕೋಣೆ ಬಿಟ್ಟು ಕದಲದವರು ಅವರೊಬ್ಬರೇ, ಅಲ್ವಾ? ಎಡಮಗ್ಗುಲಾದರೆ ನೋವು ತಡೆದುಕೊಳ್ಳುತ್ತಾಳೆ, ಒಳಪರೀಕ್ಷೆ ಅಂದರೆ ನಡುಗುತ್ತಾಳೆ, ಮುಟ್ಟುವ ಮುಂಚೆ ಹೇಳಿ: ಇಂಥ ಸಂಗತಿ ನಮ್ಮ ಚಾರ್ಟಿನಲ್ಲಿ ಇರುವುದಿಲ್ಲ. ನಾನು ಡ್ಯೂಟಿಗೆ ಬಂದ ತಕ್ಷಣ ತಾಯಿಯನ್ನು ಮಾತಾಡಿಸಿ, ಆಮೇಲೆ ಡೌಲಾರನ್ನೂ ಕೇಳುತ್ತೇನೆ.

ಒಂದು ವಿಷಯದಲ್ಲಂತೂ ನಾನು ಡೌಲಾಗಳ ಪಕ್ಷ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆದುಕೊಳ್ಳಲೇಬೇಕು ಎಂಬ ಹಳೇ ಲೆಕ್ಕ ನಮ್ಮಲ್ಲಿ ಕೆಲವರ ತಲೆಯಿಂದ ಇನ್ನೂ ಹೋಗಿಲ್ಲ. ಅದು ಎಲ್ಲರಿಗೂ ಹೊಂದುವುದಿಲ್ಲ, ಹೆರಿಗೆ ಚುರುಕಾಗುವ ಸಕ್ರಿಯ ಹಂತ ಶುರುವಾಗುವುದೇ 5 ಸೆಂಟಿಮೀಟರಿನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ 2018ರ ಮಾರ್ಗಸೂಚಿ ಹೇಳಿದೆ. ಆದರೆ ಆ ವಾದ ಹೆರಿಗೆ ಮಂಚದ ಪಕ್ಕ ಬೇಡ, ಹೊರಗೆ ಬಂದು ಮಾಡಲಿ.

ಆಸ್ಪತ್ರೆಗಳು ಮಾಡಬೇಕಾದ್ದು ದೊಡ್ಡದೇನಲ್ಲ. ನೋವು ತಗ್ಗಿಸಲು ಬೆನ್ನಿಗೆ ಎಪಿಡ್ಯೂರಲ್ ಇಂಜೆಕ್ಷನ್ ಕೊಡುವಾಗ ಡೌಲಾ ಒಳಗಿರಬಹುದೇ? ಸಿಸೇರಿಯನ್ ಆದರೆ ಥಿಯೇಟರಿಗೆ ಯಾರು ಬರಬಹುದು, ಗಂಡನೋ, ಡೌಲಾನೋ, ಇಬ್ಬರೂನೋ? ಇದನ್ನು ಒಂದು ಹಾಳೆಯಲ್ಲಿ ಬರೆದು, ತಿಂಗಳು ತುಂಬುವ ಮುಂಚೆಯೇ ಮನೆಯವರ ಕೈಗೆ ಕೊಡಿ. ಅದರ ಇನ್ನೊಂದು ಪ್ರತಿ ಗೇಟಿನ ಸೆಕ್ಯುರಿಟಿಯವರ ಹತ್ತಿರವೂ ಇರಲಿ. ನಡುರಾತ್ರಿ ನೋವಿನಲ್ಲಿ ಬಂದವರ ಜೊತೆ ಅರ್ಧ ಜಗಳ ಆಗುವುದು ಅಲ್ಲೇ.

ಇಂತಿ,
ಹೆರಿಗೆ ವಾರ್ಡಿನ ಒಬ್ಬ ನರ್ಸ್