ಸಿಟಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಹಗಲು ಹೊತ್ತು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ಮಕ್ಕಳನ್ನ ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಓದಿಸೋರ ಬಗ್ಗೆ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದನ್ನ ಓದಿದೆ. ಇಂಥ ಮಕ್ಕಳು ನಾಲ್ಕು ಗೋಡೆ ಮಧ್ಯೆನೇ ಬೆಳೀತಾರೆ, ಜನರ ಜೊತೆ ಬೆರೆಯೋದು ಕಲಿಯಲ್ಲ ಅನ್ನೋದು ಅವರ ಆತಂಕ. ಅವರನ್ನ ನಾನು ತಪ್ಪು ಅನ್ನಲ್ಲ, ನಮ್ಮ ಮನೆ ಹಿರಿಯರೂ ಮೊದಲು ಕೇಳಿದ್ದು ಇದನ್ನೇ. ಅದಕ್ಕೇ ನಮ್ಮ ಒಂದು ವಾರ ಹೇಗಿರುತ್ತೆ ಅಂತ ಸ್ವಲ್ಪ ಹೇಳೋಣ ಅನ್ನಿಸ್ತು, ಜೊತೆಗೆ ಸಿಟಿ ಲೈಬ್ರರಿಗಳ ಬಗ್ಗೆ ಒಂದು ಕೋರಿಕೆನೂ ಇದೆ, ಇಷ್ಟುದ್ದ ಪತ್ರ ಬರೆಯೋಕೆ ಮುಖ್ಯ ಕಾರಣ ಅದೇ.

ನಾವಿರೋದು ಮೈಸೂರಲ್ಲಿ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಬೆಳಿಗ್ಗೆ ಬೇಗ ಎದ್ದ ದಿನ ಕುಕ್ಕರಹಳ್ಳಿ ಕೆರೆಗೆ ಹೋಗ್ತೀವಿ. ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ಅಂತ ಹೇಳಿದ್ದಕ್ಕೆ ಮಗಳು ಹಾಗಾದ್ರೆ ಕೆರೆಗೆ ಈಗ ಎಷ್ಟು ವರ್ಷ ಅಂತ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು, ಆವತ್ತಿನ ಕಳೆಯುವ ಲೆಕ್ಕದ ಪಾಠ ಅಲ್ಲಿಗೆ ಆಯ್ತು. ಅವಳ ಹತ್ರ ಒಂದು ಹಳೇ ನೋಟ್‌ಬುಕ್ ಇದೆ, ಹೆಜ್ಜಾರ್ಲೆ, ನೀರುಕಾಗೆ, ಕೊಕ್ಕರೆ ಅಂತ ಹೆಸರು ಬರೆದು ಪಕ್ಕದಲ್ಲಿ ಗೀಟು ಎಳೀತಾ ಹೋಗ್ತಾಳೆ. ಒಂದಿನ ನೀರುಕಾಗೆ ಒಂದು ಒಣಗಿದ ಕೊಂಬೆ ಮೇಲೆ ಎರಡೂ ರೆಕ್ಕೆ ಬಿಚ್ಚಿಕೊಂಡು ಬಹಳ ಹೊತ್ತು ಅಲ್ಲಾಡದೆ ಕೂತಿತ್ತು. ಪಕ್ಕದಲ್ಲೇ ನೀರಲ್ಲಿ ತೇಲ್ತಿದ್ದ ಹೆಜ್ಜಾರ್ಲೆ ಯಾಕೆ ಹಾಗೆ ಮಾಡಲ್ಲ ಅಂತ ಕೇಳಿದಳು. ನನಗೂ ತಕ್ಷಣ ಹೇಳೋಕೆ ಬರಲಿಲ್ಲ, ಮನೆಗೆ ಬಂದು ಹುಡುಕಿ ಓದಿದ್ವಿ. ನೀರುಕಾಗೆ ರೆಕ್ಕೆಯ ಹೊರಗಿನ ಗರಿ ನೀರಲ್ಲಿ ನೆನೆಯುತ್ತೆ, ನೆನೆದು ಭಾರ ಆಗೋದ್ರಿಂದಲೇ ಅದು ಮುಳುಗಿ ಮೀನು ಹಿಡಿಯೋದು ಸುಲಭ, ಆಮೇಲೆ ಬಿಸಿಲಿಗೆ ಒಣಗಿಸಿಕೊಳ್ಳಬೇಕು. ಹೆಜ್ಜಾರ್ಲೆ ನೀರಿನ ಮೇಲೆ ತೇಲ್ತಾ ಕೊಕ್ಕಲ್ಲೇ ಮೀನು ಬಾಚಿಕೊಳ್ಳೋ ಹಕ್ಕಿ, ಅದು ಹಾಗೆ ಮುಳುಗೋದೇ ಇಲ್ಲ. ಇಷ್ಟು ತಿಳಿದ ಮೇಲೆ ಮಗ ಸ್ನಾನ ಆದ ಮೇಲೆಲ್ಲ ಎರಡೂ ಕೈ ಚಾಚಿಕೊಂಡು ಕಿಟಕಿ ಹತ್ರ ನಿಂತ್ಕೊಳ್ಳೋಕೆ ಶುರು ಮಾಡಿದ.

ಗಣಿತ ನಮಗೆ ಜಾಸ್ತಿ ಆಗೋದು ದೇವರಾಜ ಮಾರ್ಕೆಟ್‌ನಲ್ಲಿ. ಹೂವು ಮೊಳದ ಲೆಕ್ಕದಲ್ಲಿ ಕೊಡ್ತಾರಲ್ಲ, ಮಗಳು ಒಂದ್ಸಲ ಹೂವಿನಮ್ಮ ಅಳೆದು ಕೊಟ್ಟ ಮಲ್ಲಿಗೆನ ತನ್ನ ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ನೋಡಿದಳು, ಒಂದು ಮೊಳಕ್ಕಿಂತ ಜಾಸ್ತಿನೇ ಬಂತು. ಅಮ್ಮ, ಅವರು ನಮಗೆ ಹೆಚ್ಚಿಗೆ ಕೊಟ್ಟುಬಿಟ್ಟಿದ್ದಾರೆ ವಾಪಸ್ ಕೊಡೋಣ ಅಂದಳು. ಹೂವಿನಮ್ಮ ತಮ್ಮ ಕೈನ ಅವಳ ಕೈ ಪಕ್ಕ ಇಟ್ಟು ತೋರಿಸಿ, ನೋಡು ಪುಟ್ಟಿ ನಿನ್ನ ಮೊಳ ಬೇರೆ ನನ್ನ ಮೊಳ ಬೇರೆ, ನೀನು ದೊಡ್ಡವಳಾದ ಮೇಲೆ ಬಂದು ಅಳತೆ ಮಾಡು ಅಂದ್ರು. ಹಾಗೇ ಎರಡೂ ಕೈ ಚಾಚಿ ನಾಲ್ಕು ಮೊಳ ಸೇರಿದ್ರೆ ಒಂದು ಮಾರು ಅಂತಾನೂ ಹೇಳಿಕೊಟ್ರು. ಮನೆಗೆ ಬಂದು ಟೇಪ್ ಹಿಡಿದು ಅಜ್ಜನ ಮೊಳ, ಅಪ್ಪನ ಮೊಳ, ನನ್ನ ಮೊಳ, ಪಕ್ಕದ ಮನೆಯವರ ಮೊಳ ಎಲ್ಲ ಅಳೆದು ಬರೆದುಕೊಂಡ್ಲು. ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ಸೆಂಟಿಮೀಟರ್ ಯಾಕೆ ಬಂತು ಅನ್ನೋದನ್ನ ನಾನು ವಿವರಿಸೋ ಅಗತ್ಯನೇ ಬೀಳಲಿಲ್ಲ. ಜನರ ಜೊತೆ ಬೆರೆಯೋದು ಅಂದ್ರೆ ಇದೂ ಹೌದಲ್ವಾ, ಒಂದೇ ವಯಸ್ಸಿನ ನಲವತ್ತು ಮಕ್ಕಳ ಜೊತೆ ಕೂರೋದು ಮಾತ್ರನೇನಾ?

ಮಧ್ಯಾಹ್ನ ಬಿಸಿಲಲ್ಲಿ ಅತ್ತೆಯವರು ಅಳಗುಳಿ ಮಣೆ ತೆಗೀತಾರೆ. ಎರಡು ಸಾಲಲ್ಲಿ 14 ಗುಣಿ, ಒಂದೊಂದಕ್ಕೆ ಐದು ಹುಣಸೆ ಬೀಜದ ಹಾಗೆ ಹಾಕಿದ್ರೆ 70. ಚಿಕ್ಕವನು ಹಂಚೋದ್ರಲ್ಲೇ ಎಣಿಕೆ ಕಲಿತ, ದೊಡ್ಡವಳು ಎಲ್ಲಿಂದ ಎತ್ತಿದ್ರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ ಆಡ್ತಾಳೆ. ನಾಲ್ಕೂವರೆಗೆ ಸ್ಕೂಲ್ ವ್ಯಾನ್‌ಗಳು ಬಂದ ಮೇಲೆ ಬೀದಿ ಮಕ್ಕಳೆಲ್ಲ ಸೇರ್ತಾರೆ, ನಮ್ಮೋರೂ ಅವರ ಜೊತೆ ಕತ್ತಲಾಗೋವರೆಗೆ ಆಟ. ವಾರಕ್ಕೊಂದು ಸಲ ನಮ್ಮ ಥರ ಮನೆಯಲ್ಲಿ ಓದಿಸೋ ಕೆಲವು ಮನೆಯವರು ಯಾರಾದ್ರೂ ಒಬ್ಬರ ಮನೇಲಿ ಸೇರ್ತೀವಿ, ಒಬ್ಬೊಬ್ಬರು ಒಂದೊಂದು ಅಡುಗೆ ತರೋದು, ಮೂರು ವರ್ಷದ್ದರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳು ಒಟ್ಟಿಗೆ ಮಣ್ಣಲ್ಲಿ ಬೀಳೋದು. ಆವತ್ತು ರಾತ್ರಿ ಊಟಕ್ಕೆ ಮುಂಚೆನೇ ಇಬ್ಬರೂ ನಿದ್ದೆ.

ಊರಲ್ಲಿ ನೋಡೋಕೆ ಹೋಗೋ ಜಾಗಗಳಿಗೇನು ಕಮ್ಮಿ ಇಲ್ಲ, ಆ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. ಮಂಗಳವಾರ ಝೂ ರಜ, ಸೋಮವಾರ ಕಾರಂಜಿ ಕೆರೆ ಪಕ್ಕದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ರಜ, ಲೈಬ್ರರಿನೂ ಸೋಮವಾರ ರಜ, ಹೀಗೆ ರಜದ ದಿನಗಳನ್ನ ನೋಡಿಕೊಂಡೇ ನಮ್ಮ ವಾರದ ಪ್ಲಾನ್ ಆಗೋದು. ರೈಲು ಮ್ಯೂಸಿಯಂನಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇದೆ, ಅದರಲ್ಲಿ ಅಡುಗೆಮನೆನೂ ಇತ್ತು ಅಂತ ಗೊತ್ತಾದಾಗಿಂದ ನಮ್ಮ ಮಗನಿಗೆ ಓಡೋ ರೈಲಲ್ಲಿ ಸಾರು ಚೆಲ್ಲದೇ ಹೇಗೆ ಮಾಡ್ತಿದ್ರು ಅನ್ನೋದೇ ದೊಡ್ಡ ಪ್ರಶ್ನೆ. ಇಂಥ ಪ್ರಶ್ನೆ ಬಂದಾಗ ನಮಗೆ ಬೇಕಾಗೋದು ಪುಸ್ತಕ. ಎಲ್ಲಾ ಪುಸ್ತಕ ದುಡ್ಡು ಕೊಟ್ಟು ತರೋಕೆ ನಮ್ಮ ಕೈಲಿ ಆಗಲ್ಲ, ಒಂದು ಸಂಬಳದಲ್ಲಿ ನಡೆಯೋ ಮನೆ ನಮ್ಮದು. ಫೋನಲ್ಲಿ ತೋರಿಸಬಹುದು, ಆದ್ರೆ ನಾಲ್ಕು ವರ್ಷದ ಮಗು ಕೈಗೆ ಫೋನ್ ಕೊಟ್ರೆ ಆಮೇಲೆ ವಾಪಸ್ ತಗೊಳ್ಳೋದು ಎಷ್ಟು ಕಷ್ಟ ಅಂತ ಎಲ್ಲ ಅಮ್ಮಂದಿರಿಗೂ ಗೊತ್ತು.

ಈಗ ಲೈಬ್ರರಿ ವಿಷಯಕ್ಕೆ ಬರ್ತೀನಿ. ನಮ್ಮ ಬಡಾವಣೆ ಕಡೆ ಒಂದು ಶಾಖಾ ಗ್ರಂಥಾಲಯ ಇದೆ. ಬೆಳಿಗ್ಗೆ ಸ್ವಲ್ಪ ಹೊತ್ತು ತೆಗೆದಿರುತ್ತೆ, ಪೇಪರ್ ಓದೋ ಹಿರಿಯರು ಮತ್ತೆ ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರಿಂದ ತುಂಬಿರುತ್ತೆ. ಅವರಿಗೆ ನಿಶ್ಶಬ್ದ ಬೇಕು, ಅದು ನ್ಯಾಯನೇ. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಸಂಜೆ ಮತ್ತೆ ತೆಗೆಯೋ ಹೊತ್ತಿಗೆ ಮಕ್ಕಳು ಆಟಕ್ಕೆ ಹೋಗಿರ್ತಾರೆ. ಮಕ್ಕಳ ಪುಸ್ತಕ ಇಲ್ಲ ಅಂತೇನಿಲ್ಲ, ಇದಾವೆ, ಆದ್ರೆ ಬೀರು ಒಳಗೆ ಬೀಗ ಹಾಕಿರುತ್ತೆ. ಗಾಜಿನಾಚೆ ಬಣ್ಣಬಣ್ಣದ ಬೆನ್ನು ಕಾಣುತ್ತೆ, ಕೇಳಿದ್ರೆ ಅಲ್ಲಿರೋರು ಪಾಪ ಒಬ್ಬರೇ, ಪುಸ್ತಕ ಕೊಡೋದು, ತಗೊಳ್ಳೋದು, ರಿಜಿಸ್ಟರ್ ಬರೆಯೋದು, ಕಸ ಹೊಡೆಸೋದು ಎಲ್ಲ ಅವರ ತಲೆ ಮೇಲೆ, ಮಕ್ಕಳು ಹರಿದು ಹಾಕಿದ್ರೆ ಅವರೇ ಲೆಕ್ಕ ಕೊಡಬೇಕಂತೆ. ಅವರ ಮೇಲೆ ನನಗೆ ಒಂದು ಚೂರೂ ಬೇಜಾರಿಲ್ಲ, ವ್ಯವಸ್ಥೆನೇ ಹಾಗಿದೆ. ಮಗ ಗಾಜಿಗೆ ಮೂಗು ಒತ್ತಿಕೊಂಡು ಆನೆ ಚಿತ್ರ ಇರೋ ಪುಸ್ತಕ ಬೇಕು ಅಂತ ಪಿಸುಗುಟ್ಟಿದ್ರೂ ಪರೀಕ್ಷೆಗೆ ಓದ್ತಿದ್ದ ಹುಡುಗ ತಲೆ ಎತ್ತಿ ನೋಡಿದ, ನಾವು ಆಚೆ ಬಂದ್ವಿ.

ಇದಕ್ಕೆ ಹೋಲಿಸಿದ್ರೆ ಹಳ್ಳಿ ಮಕ್ಕಳೇ ವಾಸಿ ಅಂತ ನನಗನ್ನಿಸೋದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್ 14ರಿಂದ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಯ್ತು, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಕೊರೊನಾ ಕಾಲದಲ್ಲಿ ಸ್ಕೂಲ್ ಮುಚ್ಚಿದ್ದಾಗ ಮಕ್ಕಳ ಕೈಗೆ ಪುಸ್ತಕ ಸಿಗಲಿ ಅಂತ ಮಾಡಿದ್ದು, ಸ್ಕೂಲ್ ತೆಗೆದ ಮೇಲೂ ಮುಂದುವರೀತು. ತಿ. ನರಸೀಪುರ ಕಡೆ ನಮ್ಮಕ್ಕನ ಮಕ್ಕಳು ಪಂಚಾಯ್ತಿ ಲೈಬ್ರರಿ ಕಾರ್ಡ್ ಇಟ್ಕೊಂಡಿದ್ದಾರೆ, ರಜಕ್ಕೆ ಹೋದಾಗ ನಮ್ಮ ಮಗಳನ್ನ ಕರ್ಕೊಂಡು ಹೋಗಿ, ಇದು ನನ್ನ ಕಾರ್ಡು ನಾನೇ ಪುಸ್ತಕ ಆರಿಸ್ಕೋತೀನಿ ಅಂತ ತೋರಿಸಿದ್ದಾರೆ. ಅಲ್ಲಿ ನೆಲದ ಮೇಲೆ ಕೂತು ಗಟ್ಟಿಯಾಗಿ ಓದಿದ್ರೂ ಯಾರೂ ಏನೂ ಅನ್ನಲ್ಲ, ಪುಸ್ತಕ ಕೈಗೆ ಸಿಗೋ ಎತ್ತರದಲ್ಲಿ ಜೋಡಿಸಿದ್ದಾರೆ. ಹಳ್ಳಿ ಲೈಬ್ರರಿಲಿ ಆಗಿದ್ದು ಇಷ್ಟು ದೊಡ್ಡ ಸಿಟಿಲಿ ಯಾಕೆ ಆಗಬಾರದು?

ದುಡ್ಡಿಲ್ಲ ಅನ್ನೋ ಮಾತು ಇಲ್ಲಿ ಒಪ್ಪೋ ಹಾಗಿಲ್ಲ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಅದರ ಪ್ರಕಾರ ನಾವು ಕಟ್ಟೋ ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರನೂ ಸೇರಿರುತ್ತೆ. ಬಾಡಿಗೆ ಮನೇಲಿರೋರೂ ಬಾಡಿಗೆ ರೂಪದಲ್ಲಿ ಇದನ್ನ ಕಟ್ಟಿದ ಹಾಗೇ ಅಲ್ವಾ. ವಸೂಲಾದ ಕರ ಪೂರ್ತಿ ಗ್ರಂಥಾಲಯಗಳಿಗೆ ಸಿಗದೆ ಸ್ಥಳೀಯ ಸಂಸ್ಥೆಗಳಲ್ಲಿ ಬಾಕಿ ಉಳಿಯೋ ಸುದ್ದಿ ನಿಮ್ಮಂಥ ಪತ್ರಿಕೆಗಳಲ್ಲೇ ಎಷ್ಟೋ ಸಲ ಬಂದಿದೆ. ಆ ದುಡ್ಡಲ್ಲಿ ಒಂದು ಸಣ್ಣ ಪಾಲು ಸಾಕು ನಾನು ಕೇಳ್ತಿರೋದಕ್ಕೆ.

ಇದು ನಮ್ಮಂಥ ನಾಲ್ಕಾರು ಮನೆಯವರ ಅನುಕೂಲಕ್ಕೆ ಅಂತ ದಯವಿಟ್ಟು ಯಾರೂ ತಿಳ್ಕೋಬೇಡಿ. ಎಲ್ಲರೂ ಸ್ಕೂಲ್ ಬಿಡಿಸಿ ಅಂತ ನಾನು ಹೇಳ್ತಾ ಇಲ್ಲ, ಸರ್ಕಾರಿ ಶಾಲೆಗಳು ಗಟ್ಟಿಯಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೂಡ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನೇ ಮನಸ್ಸಲ್ಲಿಟ್ಟು ಮಾಡಿರೋದು, ಮನೆಯಲ್ಲಿ ಓದಿಸೋರಿಗೆ ಅದರಲ್ಲಿ ಬೇರೆ ದಾರಿ ಅಂತ ಬರೆದಿಲ್ಲ, ಅದು ಗೊತ್ತಿದ್ದೇ ನಾವು ಮುಂದೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಪರೀಕ್ಷೆ ಅಥವಾ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸೋ ಯೋಚನೆ ಇಟ್ಕೊಂಡಿದ್ದೀವಿ. ಆದ್ರೆ ಹಗಲು ಹೊತ್ತು ಸಿಟಿಲಿ ಸ್ಕೂಲಾಚೆ ಇರೋ ಮಕ್ಕಳು ನಮ್ಮೋರು ಮಾತ್ರ ಅಲ್ಲ. ಅಂಗನವಾಡಿ ಮುಗಿಸಿ ಬರೋ ಮಕ್ಕಳಿದ್ದಾರೆ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದಾಗ ಅಜ್ಜಿ ತಾತನ ಜೊತೆ ಟಿವಿ ಮುಂದೆ ಕೂರೋ ಮಕ್ಕಳಿದ್ದಾರೆ, ಮನೆಕೆಲಸಕ್ಕೆ ಬರೋ ಅಮ್ಮಂದಿರು ಸೊಂಟದ ಮೇಲೆ ಎತ್ಕೊಂಡು ಬಂದು ಮೆಟ್ಟಿಲ ಮೇಲೆ ಕೂರಿಸೋ ಮಕ್ಕಳಿದ್ದಾರೆ. ನಮ್ಮ ಮನೆಯಲ್ಲಾದ್ರೆ ಹತ್ತು ಪುಸ್ತಕ ಇದೆ, ಆ ಮನೆಗಳಲ್ಲಿ ಒಂದೂ ಇರಲ್ಲ. ಲೈಬ್ರರಿ ನಮಗಿಂತ ಜಾಸ್ತಿ ಬೇಕಾಗಿರೋದು ಅವರಿಗೆ.

ಗ್ರಂಥಾಲಯ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟೇ. ಪಂಚಾಯಿತಿ ಲೈಬ್ರರಿಗಳ ಹಾಗೆ ಸಿಟಿಯ ಶಾಖಾ ಗ್ರಂಥಾಲಯಗಳಲ್ಲೂ ಮಕ್ಕಳಿಗೆ ಉಚಿತ ಕಾರ್ಡ್ ಕೊಡಿ, ಆರು ವರ್ಷಕ್ಕಿಂತ ಚಿಕ್ಕವರಿಗೆ ಅಪ್ಪ ಅಮ್ಮನ ಹೆಸರಲ್ಲಾದ್ರೂ ಕೊಡಿ. ಬೀಗ ಹಾಕಿರೋ ಬೀರುಗಳನ್ನ ತೆಗೆದು ಕೆಳಗಿನ ಎರಡು ಖಾನೆಗೆ ಮಕ್ಕಳ ಪುಸ್ತಕ ಜೋಡಿಸಿ, ಒಂದೆರಡು ಪುಸ್ತಕ ಹರಿದ್ರೆ ಅದಕ್ಕೆ ಅಲ್ಲಿನ ಸಿಬ್ಬಂದಿಯನ್ನ ಹೊಣೆ ಮಾಡಬೇಡಿ. ಮಧ್ಯಾಹ್ನ ಹೇಗೂ ಬಾಗಿಲು ಹಾಕೋ ಹೊತ್ತಲ್ಲಿ, ಪರೀಕ್ಷೆಗೆ ಓದೋರಿಗೆ ತೊಂದರೆ ಆಗದ ಹಾಗೆ, ಒಂದು ಗಂಟೆ ಮಕ್ಕಳಿಗೆ ಅಂತಲೇ ತೆಗೀರಿ, ಮೊದಲು ವಾರಕ್ಕೆ ಎರಡು ದಿನ ಸಾಕು. ಇದಕ್ಕೆ ಜನ ಇಲ್ಲ ಅಂದ್ರೆ ನಮ್ಮಂಥ ತಾಯಂದಿರು, ನಿವೃತ್ತ ಮೇಷ್ಟ್ರುಗಳು ಸರದಿ ಮೇಲೆ ಬಂದು ಕೂರ್ತೀವಿ, ಕಥೆ ಓದಿ ಹೇಳ್ತೀವಿ, ಹರಿದಿದ್ದನ್ನ ಅಂಟಿಸಿಕೊಡ್ತೀವಿ, ಸಂಬಳ ಬೇಡ.

ಈ ಬಗ್ಗೆ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ ಒಂದು ಮನವಿ ಬರೆದು ಇಟ್ಟಿದ್ದೀನಿ, ಅಕ್ಕಪಕ್ಕದವರ ಸಹಿ ಹಾಕಿಸ್ತಾ ಇದ್ದೀನಿ. ಬೇರೆ ಬಡಾವಣೆಗಳವರೂ ತಮ್ಮ ತಮ್ಮ ಲೈಬ್ರರಿಗೆ ಹೋಗಿ ಮಕ್ಕಳ ಪುಸ್ತಕ ಎಲ್ಲಿದೆ, ಕಾರ್ಡ್ ಹೇಗೆ ಸಿಗುತ್ತೆ ಅಂತ ಕೇಳಿ ನೋಡಿ, ಸಿಕ್ಕ ಉತ್ತರವನ್ನ ಇದೇ ಅಂಕಣಕ್ಕೆ ಬರೀರಿ.

– ಇಬ್ಬರು ಮಕ್ಕಳ ತಾಯಿ, ಮೈಸೂರು