ಪಿಯಾನೊ ಕೃತಿಯ ಕಷ್ಟಕ್ಕೆ ವೇಗವೊಂದೇ ಅಳತೆಯಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪಿಯಾನೊದ ಅತಿ ಕಠಿಣ ಕೃತಿಗಳಿಗೆ ವೇಗವನ್ನೇ ಅಳತೆಯಾಗಿಟ್ಟು ಕ್ರಮಾಂಕ ಕೊಟ್ಟು ಪ್ರಕಟಿಸಿದ ಪಟ್ಟಿಯನ್ನು ಓದಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಕನ್ನಡ ಪತ್ರಿಕೆಯೊಂದು ಇಷ್ಟು ಜಾಗ ಕೊಟ್ಟಿದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ನನ್ನಲ್ಲಿ ಕಲಿಯುವ ಹುಡುಗನೊಬ್ಬ ಆ ಪಟ್ಟಿಯನ್ನು ಕತ್ತರಿಸಿ ತಂದು, ಮೊದಲನೆಯದನ್ನು ನುಡಿಸಲು ಎಷ್ಟು ವರ್ಷ ಬೇಕೆಂದು ಕೇಳಿದಾಗ ಈ ಪತ್ರ ಬರೆಯಲೇಬೇಕೆನಿಸಿತು.

ರಷ್ಯಾದ ಸಂಗೀತಕಾರ ಬಾಲಕಿರೆವ್‌ 1869ರಲ್ಲಿ ರಚಿಸಿದ ‘ಇಸ್ಲಾಮೇ’ಗಿಂತಲೂ ಕಠಿಣವಾದುದನ್ನು ಬರೆಯಬೇಕೆಂದು ಹೊರಟ ಫ್ರೆಂಚ್‌ ಸಂಗೀತಕಾರ ರವೆಲ್‌, 1908ರಲ್ಲಿ ‘ಗಾಸ್ಪಾರ್‌ ದ ಲಾ ನ್ವಿ’ಯನ್ನು ರಚಿಸಿದ. ಅದರ ಕೊನೆಯ ಭಾಗವಾದ ‘ಸ್ಕಾರ್ಬೊ’ ತಮ್ಮ ಪಟ್ಟಿಯ ಮೇಲ್ತುದಿಯಲ್ಲಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಕೃತಿಯ ನಡುವಿನ ಭಾಗವಾದ ‘ಲ ಜಿಬೆ’ಯಲ್ಲಿ ಓಟವೆಂಬುದೇ ಇಲ್ಲ, ದೂರದ ಗಂಟೆಯಂತೆ ಬಿ ಫ್ಲಾಟ್‌ ಸ್ವರವೊಂದು ಮೊದಲಿನಿಂದ ಕೊನೆಯವರೆಗೆ ಕೇಳುತ್ತಲೇ ಇರಬೇಕು, ಅದರ ಸುತ್ತ ಬೇರೆ ಸ್ವರಪುಂಜಗಳು ಬಂದು ಹೋಗುತ್ತಿದ್ದರೂ ಲಯ ಕೊಂಚವೂ ಹಿಗ್ಗದೆ ಕುಗ್ಗದೆ ಸಾಗಬೇಕು ಎಂಬುದು ರವೆಲ್‌ನದೇ ಸೂಚನೆ. ಚೌಕ ಕಾಲದ, ಅಂದರೆ ನಿಧಾನಗತಿಯ, ಕೀರ್ತನೆಯನ್ನು ಹಾಡಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಇನ್ನು ಮೊದಲ ಭಾಗವಾದ ‘ಓಂದಿನ್‌’ನಲ್ಲಿ ಬಲಗೈಯ ಚುರುಕಿನ ಕಂಪನ ಕೇಳಿಯೂ ಕೇಳದಷ್ಟು ಮೃದುವಾಗಿರಬೇಕು, ಜೋರಾಗಿ ನುಡಿಸುವುದಾದರೆ ಅದು ಅರ್ಧದಷ್ಟೂ ಕಷ್ಟವಲ್ಲ.

ಕೈಯ ಅಳತೆಯ ಮಾತೂ ಇದೆ. ರಷ್ಯಾದ ಸಂಗೀತಕಾರ ರಾಖ್ಮಾನಿನೊಫ್‌ ತನ್ನ ಮೂರನೆಯ ಕನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಜೊತೆಗೂಡಿ ನುಡಿಸುವ ಕೃತಿ) ಅರ್ಪಿಸಿದ್ದು ಯೋಸೆಫ್‌ ಹಾಫ್‌ಮನ್‌ಗೆ. ಆ ಮಹಾನ್‌ ವಾದಕ ಅದನ್ನು ಸಾರ್ವಜನಿಕವಾಗಿ ನುಡಿಸಲೇ ಇಲ್ಲ. ಆತನ ಕೈ ಚಿಕ್ಕದು, ಆತನಿಗಾಗಿ ಅಗಲ ಕಿರಿದಾದ ಕೀಲಿಗಳ ಪಿಯಾನೊವನ್ನೇ ತಯಾರಿಸಲಾಗಿತ್ತು. ಹತ್ತು ವರ್ಷದ ಮಗುವಿನ ಅಂಗೈಗೆ ಯಾವುದು ಕಠಿಣ ಎಂಬುದನ್ನು ಯಾವ ಕ್ರಮಾಂಕ ತಾನೇ ಹೇಳೀತು?

ಮೈಸೂರಿನ ಓದುಗಳಾಗಿ ಇನ್ನೊಂದು ಕೊರತೆಯನ್ನು ಹೇಳದಿರಲಾರೆ. ಪಟ್ಟಿಯಲ್ಲಿ ರಷ್ಯಾದ ಸಂಗೀತಕಾರ ಮೆಟ್ನರ್‌ನ ಹೆಸರೇ ಇಲ್ಲ. ನಮ್ಮ ಜಯಚಾಮರಾಜ ಒಡೆಯರ್‌ ಅವರ ನೆರವಿನಿಂದ ಆತನ ಕೃತಿಗಳು ಧ್ವನಿಮುದ್ರಣಗೊಂಡವು. ತನ್ನ ಮೂರನೆಯ ಕನ್ಚೆರ್ಟೊವನ್ನು ಆತ ಅರ್ಪಿಸಿದ್ದೂ ಅವರಿಗೇ. ಒಂದರೊಳಗೊಂದು ಹೆಣೆದುಕೊಂಡ ಆತನ ರಾಗದೆಳೆಗಳನ್ನು ಬಿಡಿಬಿಡಿಯಾಗಿ ಕೇಳಿಸುವ ಶ್ರಮ ಕೇಳುಗರ ಕಣ್ಣಿಗೆ ಬೀಳುವಂಥದ್ದಲ್ಲ, ಆದ್ದರಿಂದಲೇ ಇಂಥ ಪಟ್ಟಿಗಳಲ್ಲಿ ಆತನಿಗೆ ಸ್ಥಾನ ಸಿಗುವುದಿಲ್ಲ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಕ್ರಮಾಂಕವನ್ನು ಬಿಟ್ಟು, ಪ್ರತಿ ಕೃತಿಯ ಕಷ್ಟ ಬೆರಳಿನದೋ, ಕಿವಿಯದೋ, ಕೈಯಗಲದ್ದೋ ಎಂಬುದನ್ನು ಒಂದೊಂದು ಸಾಲಿನಲ್ಲಾದರೂ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಪಿಯಾನೊ ಶಿಕ್ಷಕಿ, ಮೈಸೂರು