ಗೋವಾ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ: ಅದಿರಿನ ದುಡ್ಡಿನ ಲೆಕ್ಕ ಪಂಚಾಯ್ತಿ ಗೋಡೆಗೆ ಬರಲಿ

ಮಾನ್ಯ ಮುಖ್ಯಮಂತ್ರಿಗಳೇ,

ನಮಸ್ಕಾರ. 2024ರಲ್ಲಿ ಡಿಚೋಲಿಯ (ಬಿಚೋಲಿಂ) ಕಬ್ಬಿಣದ ಅದಿರಿನ ಗಣಿ ಮತ್ತೆ ಶುರುವಾಯಿತು. ಸಾಂಖಳಿ, ಉಸಗಾಂವ, ಸಾವರ್ಡೆ ಕಡೆಯ ಕನ್ನಡದ ಡ್ರೈವರು, ಕ್ಲೀನರು, ವೆಲ್ಡರುಗಳಿಗೆ ಅದು ಒಳ್ಳೆಯ ಸುದ್ದಿಯೇ. ಆದರೆ 2012ರಲ್ಲಿ ಒಮ್ಮೆ, 2018ರ ಮಾರ್ಚಿನಲ್ಲಿ ಇನ್ನೊಮ್ಮೆ ಗಣಿ ನಿಂತು ಇದೇ ಜನ ಬೀದಿಗೆ ಬಿದ್ದವರು. ಮೂರನೇ ಸಲ ಬೀಳುವ ಮೊದಲು ಕೇಳುತ್ತಿದ್ದೇವೆ: ಅದಿರಿನಿಂದ ಬರುವ ದುಡ್ಡಿನ ಲೆಕ್ಕ ಊರವಾರು ಕೊಡಿ, ಆ ದುಡ್ಡಿನಲ್ಲಿ ಎರಡನೇ ಕಸುಬು ಕಟ್ಟಿ.

ನಿಯಮ ನಿಮಗೆ ಗೊತ್ತಿರುವುದೇ. ಆದರೂ ಒಂದು ಟನ್ನಿನ ಲೆಕ್ಕ ಮಾಡೋಣ. ಬೆಲೆ 2,000 ರೂಪಾಯಿ ಅಂತಿಟ್ಟುಕೊಳ್ಳಿ. ಸರ್ಕಾರಕ್ಕೆ ಕಟ್ಟುವ ರಾಜಧನ (ರಾಯಲ್ಟಿ) 15%, ಅಂದರೆ 300. ಹಳೆಯ ಗುತ್ತಿಗೆಯಾಗಿದ್ದರೆ ರಾಜಧನದ 30%, ಅಂದರೆ 90 ರೂಪಾಯಿ ಗಣಿಯಿಂದ ತೊಂದರೆಗೊಳಗಾದ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗುತ್ತಿತ್ತು. ಹರಾಜಿನ ಗುತ್ತಿಗೆಯಲ್ಲಿ ಅದು 10%. ಧೂಳು ತಿನ್ನುವ ಊರಿಗೆ 30 ರೂಪಾಯಿ! ಹರಾಜಿನ ಪ್ರೀಮಿಯಂ, ಅಂದರೆ ಹರಾಜು ಗೆದ್ದವರು ಅದಿರಿನ ಬೆಲೆಯಲ್ಲಿ ಸರ್ಕಾರಕ್ಕೆ ಕೊಡಲು ಒಪ್ಪಿದ ಪಾಲು, ಡಿಚೋಲಿಯಲ್ಲಿ 60% ದಾಟಿದೆ. ಆ 1,200 ಚಿಲ್ಲರೆ ರೂಪಾಯಿ ನೇರ ಬೊಕ್ಕಸಕ್ಕೆ. ಅಲ್ಲಿ ಅದು ಸಂಬಳ, ಸಾಲ, ಸಮಾರಂಭಗಳಲ್ಲಿ ಕರಗುತ್ತದೆ. ಅಗೆದು ಮಾರಿದ ಅದಿರು ಮತ್ತೆ ಹುಟ್ಟುವುದಿಲ್ಲ ಎಂದೇ ಸುಪ್ರೀಂ ಕೋರ್ಟ್ 2014ರಲ್ಲಿ ಮಾರಾಟದ 10% ಅನ್ನು ಶಾಶ್ವತ ನಿಧಿಗೆ ಹಾಕಲು ಹೇಳಿದ್ದು. ಪ್ರೀಮಿಯಂನ ಒಂದು ಪಾಲನ್ನೂ ಅಲ್ಲೇ ಇಡಿ, ಬಡ್ಡಿಯನ್ನಷ್ಟೇ ಖರ್ಚು ಮಾಡಿ. ಅಸಲು ಮುಟ್ಟಬೇಡಿ. ಹಾಗಂತ ಬಳ್ಳಾರಿಯಲ್ಲಿ ಆದ ಹಾಗೆ ಗಣಿಯ ಸಾವಿರಾರು ಕೋಟಿ ದುಡ್ಡು ವರ್ಷಗಟ್ಟಲೆ ಬ್ಯಾಂಕಿನಲ್ಲಿ ಸುಮ್ಮನೆ ಕೂತಿರುವುದೂ ಬೇಡ.

ಸಮಯ ಬೇಕು ಎನ್ನುತ್ತೀರಾ? 2015ರ ಜನವರಿ 12ರಂದು, ಹರಾಜು ಕಡ್ಡಾಯ ಮಾಡುವ ಸುಗ್ರೀವಾಜ್ಞೆ ಬಂದ ದಿನವೇ, ಇದೇ ರಾಜ್ಯದ ಸರ್ಕಾರ 31 ಗುತ್ತಿಗೆಗಳನ್ನು ನವೀಕರಿಸಿತು. ಒಂದೇ ದಿನದಲ್ಲಿ 31! ಎಂಥ ಚುರುಕು ಆಡಳಿತ! ಆ ಅವಸರವನ್ನೂ ಟೀಕಿಸಿ 2018ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟ್ ನವೀಕರಿಸಿದ ಒಟ್ಟು 88 ಗುತ್ತಿಗೆಗಳನ್ನೂ ರದ್ದು ಮಾಡಿತು. ಸಹಿ ಹಾಕಿದವರ ಸಂಬಳ ಒಂದು ದಿನವೂ ನಿಲ್ಲಲಿಲ್ಲ. ನಿಂತದ್ದು ಟಿಪ್ಪರು, ಅದಿರು ಸಾಗಿಸುವ ದೋಣಿ ಬಾರ್ಜು. ಸಾಲಮನ್ನಾ ಯೋಜನೆ ಬಂದರೂ ಸಾಲ ಮಾಲೀಕನ ಹೆಸರಲ್ಲಿ. ಡ್ರೈವರಿಗೆ ಮನ್ನಾ ಮಾಡಲು ಏನಿತ್ತು? 31 ಸಹಿಗೆ ಒಂದು ದಿನ ಸಾಕಾಗಿದ್ದರೆ, ಊರವಾರು ಲೆಕ್ಕದ ಒಂದು ಹಾಳೆಗೆ ಎಷ್ಟು ದಿನ ಬೇಕು ಸ್ವಾಮಿ?

ಕೌಶಲ ತರಬೇತಿ ಪ್ರತಿಷ್ಠಾನದ ಆದ್ಯತೆಯ ಪಟ್ಟಿಯಲ್ಲೇ ಇದೆ. ದಯವಿಟ್ಟು ಮತ್ತೊಂದು ಹೊಲಿಗೆ ಕ್ಲಾಸು, ಕಂಪ್ಯೂಟರ್ ಕ್ಲಾಸು ಅಂತ ಮುಗಿಸಬೇಡಿ. ಗಣಿ ವರ್ಕ್‌ಶಾಪಿನ ವೆಲ್ಡರ್ ಅಗೆಯುವ ಯಂತ್ರದ ಬಕೆಟ್ ಹಲ್ಲಿಗೆ, ಸವೆಯದಂತೆ ಗಟ್ಟಿ ಲೋಹದ ಪದರ (ಹಾರ್ಡ್‌ಫೇಸಿಂಗ್) ಕಣ್ಣುಮುಚ್ಚಿ ಹಾಕುತ್ತಾನೆ. ಹಡಗುಕಟ್ಟೆಗೆ ಹೋದರೆ ಗೇಟಿನಲ್ಲೇ ವಾಪಸು. ಯಾಕೆಂದರೆ ಅಲ್ಲಿ 3ಜಿ (ನಿಂತ ಪ್ಲೇಟು), 4ಜಿ (ತಲೆಯ ಮೇಲಿನ ಪ್ಲೇಟು) ಪೊಸಿಷನ್ನಿನ ಬೆಸುಗೆಯ ಪ್ಲೇಟ್ ಟೆಸ್ಟ್ ಪಾಸಾದ ಸರ್ಟಿಫಿಕೇಟ್ ಬೇಕು. ಆ ಬೆಸುಗೆಯನ್ನು ಅಭ್ಯಾಸ ಮಾಡಿಸಿ, ಪರೀಕ್ಷೆಯ ಶುಲ್ಕ ನಿಧಿಯಿಂದ ಕಟ್ಟಿ. ಟಿಪ್ಪರ್ ಡ್ರೈವರಿಗೆ ಹೆವಿ ಲೈಸೆನ್ಸ್ ಇದ್ದೇ ಇದೆ. ಅಪಾಯಕಾರಿ ಸರಕಿನ 3 ದಿನದ ತರಬೇತಿ ಕೊಡಿಸಿ ಲೈಸೆನ್ಸಿನಲ್ಲಿ ನಮೂದಿಸಿದರೆ ವಾಸ್ಕೊದ ತೈಲ ಟ್ಯಾಂಕರ್ ಓಡಿಸಬಹುದು. ಇದಕ್ಕೆ ಕೋಟಿಗಳು ಬೇಡ, ಹೆಸರುಗಳ ಪಟ್ಟಿ ಬೇಕು. ಆ ಪಟ್ಟಿಯಲ್ಲಿ ವಿಜಯಪುರ, ಗದಗ, ಕೊಪ್ಪಳದಿಂದ ಬಂದ ಕೂಲಿಯವರೂ ಇರಬೇಕು.

ಗದ್ದೆಯದ್ದೂ ಅಷ್ಟೇ. ಮಳೆಗೆ ಜಾರಿ ಬಂದ ಗಣಿ ಹೂಳನ್ನು ಕೆರೆದು ತೆಗೆಯದೆ ಬೀಜದ ಸಬ್ಸಿಡಿ ಕೊಟ್ಟರೆ ಬೀಜವೂ ಹೋಯಿತು, ದುಡ್ಡೂ ಹೋಯಿತು.

ಪ್ರವಾಸೋದ್ಯಮ ಇದೆಯಲ್ಲ ಎನ್ನುವವರಿಗೆ ಕೋವಿಡ್ಡಿನ 2020 ನೆನಪಿರಲಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಜೋತುಬೀಳುವುದು ಪರಿಹಾರವಲ್ಲ. ಇನ್ನು ಅದಿರಿನ ಗ್ಯಾರಂಟಿ ಎಷ್ಟು? 2022ರ ಮೇನಲ್ಲಿ ಕೇಂದ್ರವು 58%ಗಿಂತ ಕಡಿಮೆ ಕಬ್ಬಿಣಾಂಶದ ಅದಿರಿಗೂ 50% ರಫ್ತು ಸುಂಕ ಹಾಕಿತು, ನವೆಂಬರಿನಲ್ಲಿ ತೆಗೆಯಿತು. ಗೋವಾದ ಅದಿರು ಬಹುಪಾಲು ಅದೇ ದರ್ಜೆಯದು. ದೆಹಲಿಯ ಒಂದು ಅಧಿಸೂಚನೆಗೆ ಇಲ್ಲಿನ ಒಲೆ ಆರುತ್ತದೆ.

ಹಾಗಾಗಿ ಮತ್ತೆ ಕೇಳುತ್ತೇವೆ. ಪ್ರತಿ ಗಣಿ ಪಂಚಾಯ್ತಿಯ ಗೋಡೆಯ ಮೇಲೆ, ಮೂರು ತಿಂಗಳಿಗೊಮ್ಮೆ: ಎಷ್ಟು ಟನ್ ಹೋಯಿತು, ರಾಜಧನ ಎಷ್ಟು, ಪ್ರತಿಷ್ಠಾನಕ್ಕೆ ಎಷ್ಟು, ಶಾಶ್ವತ ನಿಧಿಗೆ ಎಷ್ಟು, ಯಾವ ಕಸುಬಿಗೆ ಎಷ್ಟು ಜನರಿಗೆ ತರಬೇತಿ. ಕೊಂಕಣಿ, ಮರಾಠಿ ಜೊತೆಗೆ ಕನ್ನಡದಲ್ಲೂ. ಮೊದಲ ಹಾಳೆ ಈ ಮಳೆಗಾಲ ಮುಗಿದು ಲಾರಿಗಳು ಹೊರಡುವ ಮೊದಲೇ ಅಂಟಲಿ.

ಇತಿ,
ಡಿಚೋಲಿ ತಾಲೂಕಿನ ಒಬ್ಬ ಕನ್ನಡಿಗ